ಅಂಗಡಿಯ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ ಮುನ್ನ

ಚಿರಂಜೀವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ಹುಬ್ಬಳ್ಳಿಯ ನಮ್ಮ ಹಾರ್ಡ್‌ವೇರ್ ಅಂಗಡಿಯನ್ನು ಪೂರ್ತಿ ಡಿಜಿಟಲ್ ಮಾಡಬೇಕೆಂದು ನೀನು ಬರೆದ ಪತ್ರವನ್ನೂ, ಅದರ ಜೊತೆಗಿದ್ದ ಸಾಫ್ಟ್‌ವೇರ್ ಕಂಪನಿಗಳ ದರಪಟ್ಟಿಗಳನ್ನೂ ಓದಿದೆ. ನಿನ್ನ ಉದ್ದೇಶಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ದರಪಟ್ಟಿಯಿಂದ ಶುರುಮಾಡಿದ್ದಕ್ಕೆ ಮಾತ್ರ ಇಲ್ಲ. ಆ ಕಂಪನಿಗಳು ತಮ್ಮ ಸಾಫ್ಟ್‌ವೇರ್ ಏನೇನು ಮಾಡಬಲ್ಲದು ಎಂದು ಹೇಳಿವೆಯೇ ಹೊರತು, ನಮ್ಮಲ್ಲಿ ಯಾವ ಕೆಲಸ ಕೆಟ್ಟಿದೆ ಎಂಬುದು ಅವಕ್ಕೆ ತಿಳಿಯದು. ನನಗೆ ಕಾಣುವಂತೆ ಕೆಟ್ಟಿರುವುದು ಎರಡು: ಗೋದಾಮಿನಲ್ಲಿ ಯಾವ ಮಾಲು ಎಷ್ಟಿದೆ ಎಂಬುದು ಯಾರಿಗೂ ಖಚಿತವಾಗಿ ಗೊತ್ತಿಲ್ಲ, ಮತ್ತು ಗುತ್ತಿಗೆದಾರರಿಗೆ ಕೊಟ್ಟ ಉದ್ರಿಯ ಬಾಕಿ ಸಮಯಕ್ಕೆ ಸರಿಯಾಗಿ ಕಣ್ಣಿಗೆ ಬೀಳುವುದಿಲ್ಲ. ಇವೆರಡನ್ನು ಸರಿಪಡಿಸದ ಯಾವ ಆ್ಯಪ್ ಕೂಡ ನಮಗೆ ಬೇಕಿಲ್ಲ.

ಮೊದಲು ಮಾಲಿನ ಪಟ್ಟಿಯನ್ನು ಹಿಡಿದು ಕೂರು. ನೀರಿನ ಪ್ಲಾಸ್ಟಿಕ್ ಪೈಪನ್ನು ತಿರುವಿನಲ್ಲಿ ಜೋಡಿಸುವ ಅರ್ಧ ಇಂಚಿನ ಸಿಪಿವಿಸಿ ಎಲ್ಬೋ ಒಂದನ್ನೇ ನೋಡು: ಕೌಂಟರಿನ ಹುಡುಗ ಅದನ್ನು ‘ಅರ್ಧ ಎಲ್ಬೋ’ ಎಂದು ಬರೆಯುತ್ತಾನೆ, ಕಂಪನಿಯ ಬಿಲ್ಲಿನಲ್ಲಿ ಅದು ‘15 ಎಂಎಂ’ ಎಂದಿರುತ್ತದೆ, ಗುಮಾಸ್ತರ ಚೀಟಿಯಲ್ಲಿ ಬರೀ ಬ್ರ್ಯಾಂಡಿನ ಹೆಸರಿರುತ್ತದೆ. ಹೀಗೆಯೇ ಕಂಪ್ಯೂಟರಿಗೆ ಏರಿಸಿದರೆ ಒಂದೇ ಮಾಲು ಮೂರು ಮಾಲಾಗಿ ಕೂರುತ್ತದೆ. ಒಂದರಲ್ಲಿ ದಾಸ್ತಾನು ಮೈನಸ್ ತೋರಿಸಿದರೆ ಇನ್ನೊಂದರಲ್ಲಿ ಮಾರಾಟವೇ ಆಗದ ಮಾಲಿನ ರಾಶಿ ಕಾಣುತ್ತದೆ, ನೀನು ಅದನ್ನು ನಂಬಿ ಮತ್ತೆ ಖರೀದಿಗೆ ಆರ್ಡರ್ ಕೊಡುತ್ತೀಯೆ. ಆದ್ದರಿಂದ ಒಂದು ಮಾಲಿಗೆ ಒಂದೇ ಹೆಸರು, ಒಂದೇ ಅಳತೆ, ತೆರಿಗೆಗಾಗಿ ಮಾಲನ್ನು ವಿಂಗಡಿಸುವ ಒಂದೇ ಎಚ್‌ಎಸ್‌ಎನ್ ಸಂಖ್ಯೆ ಇರಲಿ. ಪ್ಲಾಸ್ಟಿಕ್ ಪೈಪು ಮತ್ತು ಫಿಟ್ಟಿಂಗುಗಳೆಲ್ಲ 3917ರಡಿ ಬರುತ್ತವೆಂಬುದು ನಿನಗೆ ತಿಳಿದೇ ಇದೆ. ವರ್ಷದ ವಹಿವಾಟು 5 ಕೋಟಿ ರೂಪಾಯಿ ದಾಟಿದರೆ ಬಿಲ್ಲಿನಲ್ಲಿ ಈ ಸಂಖ್ಯೆಯ ಆರು ಅಂಕಿ ಬರೆಯಬೇಕು, ಮತ್ತು 2023ರ ಆಗಸ್ಟ್ 1ರಿಂದ ಅಷ್ಟು ವಹಿವಾಟಿನವರು ಜಿಎಸ್‌ಟಿ ನೋಂದಾಯಿತ ಗ್ರಾಹಕರಿಗೆ ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲಿನಲ್ಲಿ ದಾಖಲಾದ ಬಿಲ್ಲನ್ನು ಕೊಡಲೇಬೇಕು. ಈ ಕೆಲಸವನ್ನು ಹೊರಗಿನವರಿಗೆ ವಹಿಸಬೇಡ. ಮಾರ್ಚ್ 31ರಂದು ಅಂಗಡಿ ಮುಚ್ಚಿ, ಕಪಾಟು ಕಪಾಟಾಗಿ ಎಣಿಸಿ, ಏಪ್ರಿಲ್ 1ಕ್ಕೆ ಆರಂಭದ ದಾಸ್ತಾನನ್ನು ಬರೆದುಕೊಳ್ಳಿ. ಬೇಸರದ ಕೆಲಸವೆಂಬುದು ನಿಜ, ಆದರೆ ಈ ಬದಲಾವಣೆಯ ಅರ್ಧಭಾಗ ಇಲ್ಲೇ ಮುಗಿಯುತ್ತದೆ.

ಇನ್ನು ಹಳೆಯ ಖಾತೆಪುಸ್ತಕದ ವಿಷಯ. ಇದರಲ್ಲಿ ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನು ನೀನು ಗಮನಿಸಬೇಕು. ಈ ಶತಮಾನದ ಮೊದಲ ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಅದು ನಿಂತದ್ದು ಯಂತ್ರಗಳ ಬಲದಿಂದಲ್ಲ. ದಾಖಲಿಸಿದ ವಿವರಗಳನ್ನು ಮುದ್ರಿಸಿ, ಗ್ರಾಮ ಲೆಕ್ಕಿಗರಿಂದಲೇ ಮೂಲದೊಂದಿಗೆ ತಾಳೆ ನೋಡಿಸಿದರು. ತಾಲ್ಲೂಕಿನ ಕೆಲಸ ಮುಗಿದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಿದರು. ಅದಕ್ಕೂ ಮೊದಲಿನ ಪ್ರಯತ್ನಗಳು ಬಿದ್ದುಹೋದದ್ದು ಕೈಬರಹದ ದಾಖಲೆಯೇ ಚಾಲ್ತಿಯಲ್ಲಿ ಉಳಿದು, ಕಂಪ್ಯೂಟರಿನದು ಹಳಸಿದ್ದರಿಂದ. ಅಂಗಡಿಯಲ್ಲೂ ಎರಡು ಲೆಕ್ಕ ಬಹಳ ದಿನ ಜೊತೆಜೊತೆಯಾಗಿ ನಡೆದರೆ, ಜಗಳ ಬಂದಾಗ ಎಲ್ಲರೂ ಕೆಂಪು ಬಟ್ಟೆಯ ಪುಸ್ತಕವನ್ನೇ ತೆರೆಯುತ್ತಾರೆ, ಹೊಸದು ಬರೀ ತೋರಿಕೆಗೆ ಉಳಿಯುತ್ತದೆ. ಒಂದು ತಿಂಗಳು ಎರಡನ್ನೂ ಬರೆಯಿರಿ, ಪ್ರತಿ ಸಂಜೆ ತಾಳೆ ನೋಡಿ. ಆಮೇಲೆ ಪುಸ್ತಕಕ್ಕೆ ಕೊನೆಯ ಗೆರೆ ಎಳೆದು ನೀನೇ ಸಹಿ ಹಾಕು.

ಗುಮಾಸ್ತರನ್ನು ಬದಿಗಿರಿಸಿ ಇದನ್ನು ಮಾಡಬೇಡ. ಯಾವ ಗುತ್ತಿಗೆದಾರನ ಹಣ ಪಿಡಬ್ಲ್ಯೂಡಿ ಬಿಲ್ಲು ಪಾಸಾದ ಮೇಲೆಯೇ ಬರುತ್ತದೆ, ಯಾರು ಹಬ್ಬದ ಮುಂಚೆ ಒಂದಿಷ್ಟು ಕೊಟ್ಟು ಮತ್ತೆ ಮಾಲು ಒಯ್ಯುತ್ತಾರೆ ಎಂಬುದು ಅವರ ತಲೆಯಲ್ಲಿದೆ. ಪ್ರತಿ ಗಿರಾಕಿಗೂ ಉದ್ರಿಯ ಮಿತಿ ಮತ್ತು ವಾಯಿದೆ ಎಷ್ಟಿರಬೇಕೆಂದು ಅವರನ್ನೇ ಕೇಳಿ ಬರೆಸಿಕೊ. ಸಾಫ್ಟ್‌ವೇರನ್ನು ಮೊದಲು ಕಲಿಯುವವರೂ ಅವರೇ ಆಗಲಿ, ಕನ್ನಡದಲ್ಲಿ ಕಾಣುವಂತಿದ್ದರೆ ಇನ್ನೂ ಒಳ್ಳೆಯದು. ವೆಬ್‌ಸೈಟು, ಆನ್‌ಲೈನ್ ಮಾರಾಟ, ಮನೆಬಾಗಿಲಿಗೆ ತಲುಪಿಸುವುದು ಇವೆಲ್ಲ ಸದ್ಯಕ್ಕೆ ಬಿಡು. ದಾಸ್ತಾನು ಸರಿಯಿಲ್ಲದೆ ಆನ್‌ಲೈನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದೆಂದರೆ ನಮ್ಮಲ್ಲಿ ಮಾಲು ಇಲ್ಲವೆಂಬ ಮಾತನ್ನು ಊರಿಗೆಲ್ಲ ಹೇಳಿದಂತೆ.

ಯುಪಿಐ ಬಗ್ಗೆ ನಿನ್ನಪ್ಪನಿಗಿರುವ ಅಂಜಿಕೆ ನನಗೆ ಅರ್ಥವಾಗುತ್ತದೆ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯನ್ನು ನೋಡಿ ನೋಂದಣಿ ಮಾಡಿಸದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದವು. ಆದರೆ ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಮಾಲು ಮಾರುತ್ತಿದ್ದವರಲ್ಲಿ ಖರೀದಿಯ ಬಿಲ್ಲು ಇಟ್ಟುಕೊಂಡವರಿಗೆ ಉತ್ತರ ಕೊಡಲು ಆಧಾರವಿತ್ತು. ನಾವು ಹೇಗೂ ನೋಂದಾಯಿತರು, ಬಿಲ್ಲು ಹಾಕುವವರು. ಅಂಗಡಿಯ ಕ್ಯೂಆರ್ ಅಂಗಡಿಯ ಖಾತೆಗೇ ಹೋಗಲಿ, ಮನೆಯ ಉಳಿತಾಯ ಖಾತೆಗೆ ಗಿರಾಕಿಯ ಒಂದು ರೂಪಾಯಿಯೂ ಬರದಿರಲಿ.

ಕೊನೆಯದಾಗಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ನಮ್ಮ ಅಂಗಡಿಯ ಹೆಸರಿನೆದುರು ಯಾರ ಮೊಬೈಲ್ ನಂಬರ್ ಇದೆ ಎಂದು ನೋಡು. ಎಷ್ಟೋ ಅಂಗಡಿಗಳಲ್ಲಿ ಅದು ತೆರಿಗೆ ಸಲಹೆಗಾರರದೇ ಆಗಿದ್ದು, ಒಟಿಪಿ ಅವರಿಗೇ ಹೋಗುತ್ತದೆ, ಮಾಲೀಕನಿಗೆ ನೋಟಿಸ್ ಬಂದದ್ದೂ ಗೊತ್ತಾಗುವುದಿಲ್ಲ. ಹಾಗೇನಾದರೂ ಇದ್ದರೆ ದರಪಟ್ಟಿಗಳಿಗೆ ಉತ್ತರ ಬರೆಯುವ ಮೊದಲು ಅದನ್ನು ನಿನ್ನ ನಂಬರಿಗೆ ಬದಲಿಸಿ ನನಗೆ ತಿಳಿಸು.

ಇತಿ,
ನಿನ್ನ ದೊಡ್ಡಪ್ಪ