ಮಗಳಿಗೊಂದು ಪತ್ರ: ಹುಳ ಜ್ವರಕ್ಕೆ ಕೂತ ದಿನ

ಶಿಡ್ಲಘಟ್ಟ
ಭಾನುವಾರ ಮಧ್ಯಾಹ್ನ

ಪುಟ್ಟಿ,

ರೇಷ್ಮೆ ಹುಳ ನಾಲ್ಕನೇ ಜ್ವರಕ್ಕೆ, ಅಂದರೆ ಚರ್ಮ ಬಿಡೋಕೆ, ಕೂತಿದೆ. ಬೆಳಿಗ್ಗೆ ಸುಣ್ಣದ ಪುಡಿ ಎರಚಿ ಬಂದೆ. ಇನ್ನು ಅದು ಏಳುವವರೆಗೂ ಸೊಪ್ಪು ಹಾಕುವ ಹಾಗಿಲ್ಲ. ಎದ್ದ ಮೇಲೆ ಗೂಡು ಕಟ್ಟುವವರೆಗೂ ನನಗೆ ಕೂರಲು ಪುರುಸೊತ್ತಿಲ್ಲ. ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ‘ಹ್ಞೂಂ ಅಮ್ಮ, ಸರಿ ಅಮ್ಮ’ ಅಂತ ಇಟ್ಟುಬಿಡುತ್ತೀಯ.

ಹೋದ ಸಲ ಬಂದಾಗ ತಲೆಗೆ ಎಣ್ಣೆ ಹಚ್ಚಿದೆನಲ್ಲ. ಬಲಗಿವಿಯ ಹಿಂದೆ ಕೂದಲು ಎತ್ತಿದರೆ ಎರಡು ರೂಪಾಯಿ ನಾಣ್ಯದಷ್ಟು ಬೋಳು. ಸುತ್ತಲೂ ಮೋಟು ಮೋಟು, ರಾಗಿ ಕೊಯ್ದ ಹೊಲದ ಕೂಳೆ ಥರ. ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಇಬ್ಬರೂ ಸುಮ್ನೆ ಟಿವಿ ನೋಡಿದೆವು. ಬೆಂಗಳೂರಿಗೆ ಹೋದ ಮೇಲೆ ರಾತ್ರಿ ಒಂದು ಗಂಟೆಗೆ ನೀನು ಮೆಸೇಜ್ ಹಾಕಿದೆ. ಮದುವೆ ಮಾತು ಮುರಿದ ಮೇಲೆ ಶುರುವಾಯ್ತು, ಕೂದಲು ಕೀಳೋಕೆ ಕೈ ತಾನಾಗೇ ಹೋಗುತ್ತೆ ಅಂತ. ಅದರ ಕೆಳಗೆ ಆ ಜಾಹೀರಾತು. ಒಂದೇ ಸಿಟ್ಟಿಂಗ್ ಹಿಪ್ನಾಟಿಸಂ, ನೋವಿನ ನೆನಪು ಪೂರ್ತಿ ಅಳಿಸುತ್ತೇವೆ, 15,000 ರೂಪಾಯಿ. ‘ಹೋಗ್ಲಾ ಅಮ್ಮ?’

ಉತ್ತರಕ್ಕೆ ಮೊದಲು ನನ್ನದೊಂದು ಸುಳ್ಳು ಒಪ್ಪಿಕೊಳ್ಳಬೇಕು. ನೀನು ಸೆಕೆಂಡ್ ಪಿಯುಸಿಯಲ್ಲಿದ್ದಾಗ ನಾನು ಹಲ್ಲು ತೋರಿಸಬೇಕು ಅಂತ ಶನಿವಾರ ಸ್ಕೂಲು ಮುಗಿಸಿ ಬೆಂಗಳೂರು ಬಸ್ಸು ಹತ್ತುತ್ತಿದ್ದೆನಲ್ಲ, ಹೋಗುತ್ತಿದ್ದದ್ದು ಇದೇ ಹಿಪ್ನಾಟಿಸಂಗೆ.

ನಿಮ್ಮಪ್ಪ ಹೋದ ರಾತ್ರಿ ಫೋನು ಬಂದದ್ದು 9.40ಕ್ಕೆ. ಆಮೇಲೆ ಎರಡು ವರ್ಷ, ಕತ್ತಲಾದ ಮೇಲೆ ಯಾರ ಮನೆಯ ಫೋನು ಹೊಡೆದುಕೊಂಡರೂ ನನ್ನ ಕೈಕಾಲು ತಣ್ಣಗಾಗುತ್ತಿತ್ತು. ಇನ್ನೊಂದು, ಕಡ್ಡಿಪುಡಿ. ತಿಥಿಯ ದಿನ ಎಲೆಅಡಿಕೆ ತಟ್ಟೆ ಮುಂದೆ ಕೂತಿದ್ದಾಗ ಯಾರೋ ಒಂದು ಚಿಟಿಕೆ ಕೊಟ್ಟರು. ಹಾಕ್ಕೊಳ್ಳಮ್ಮ, ಮನಸ್ಸು ಹಗುರಾಗುತ್ತೆ ಅಂದರು. ಹಗುರಾಯಿತು ಕೂಡ. ಅಲ್ಲೇ ಕೆಟ್ಟದ್ದು. ವರ್ಷ ತಿರುಗುವಷ್ಟರಲ್ಲಿ ದಿನಕ್ಕೆ ಒಂದು ಪೊಟ್ಟಣ. ತಂಬಾಕು ಮುಟ್ಟುವುದಿಲ್ಲ ಅಂತ ಮಕ್ಕಳ ಕೈಲಿ ಪ್ರತಿಜ್ಞೆ ಮಾಡಿಸಿ, ಬೋರ್ಡಿನ ಕಡೆ ತಿರುಗಿ ಬಾಯಿಗೆ ಹಾಕಿಕೊಂಡ ಟೀಚರ್ ನಿಮ್ಮಮ್ಮ.

ಮೊದಲು ಹೋದದ್ದು ಒಬ್ಬ ಮೋಸಗಾರನ ಹತ್ತಿರ. ಪೇಪರಿನ ಒಳಗೆ ಚೀಟಿ ಬಂದಿತ್ತು. ಲಾಡ್ಜಿನ ರೂಮು, ಊದುಬತ್ತಿ ಹೊಗೆ, ಕೈಯಲ್ಲಿ ತೂಗಾಡುವ ಉಂಗುರ. ಹಿಂದಿನ ಜನ್ಮದಲ್ಲಿ ನೀವು ಗಂಡನಿಗೆ ಅನ್ಯಾಯ ಮಾಡಿದ್ದೀರಿ ಅಂದ. 3,000 ರೂಪಾಯಿ ಕೊಟ್ಟು ಆ ಮಾತನ್ನು ಹೊತ್ತುಕೊಂಡು ಬಂದೆ. ಒಂದು ತಿಂಗಳು ಅದೇ ಕೊರೆಯಿತು ಕಣೇ.

ಎರಡನೆಯವರು ಮನೋವೈದ್ಯರು, ಓದಿಕೊಂಡವರು. ಮೊದಲ ದಿನ ಹಿಪ್ನಾಟಿಸಂ ಮಾಡಲೇ ಇಲ್ಲ. ಒಂದು ಗಂಟೆ ಬರೀ ಪ್ರಶ್ನೆ. ಬಾಯಿಗೆ ಟಾರ್ಚ್ ಬಿಟ್ಟು ನೋಡಿದರು, ಥೈರಾಯ್ಡ್‌ಗೆ ರಕ್ತ ಬರೆದುಕೊಟ್ಟರು. ಯಾರೂ ಇಲ್ಲದಾಗ ಮಾತು ಕೇಳಿಸುತ್ತಾ ಅಂತ ಕೇಳಿದರು. ನನಗೆ ಹುಚ್ಚು ಅಂದುಕೊಂಡರಾ ಅಂತ ಸಿಟ್ಟು ಬಂತು. ಆಮೇಲೆ ಅವರೇ ಹೇಳಿದರು, ಅಂಥ ಕಾಯಿಲೆ ಇರುವವರಿಗೆ ಇದರಿಂದ ತೊಂದರೆ ಆಗಬಹುದು, ಅದಕ್ಕೇ ಕೇಳುವುದು ಅಂತ.

ಎರಡನೇ ಶನಿವಾರ ಒರಗು ಕುರ್ಚಿ. ಗೋಡೆಯ ಮೇಲೆ ಒಂದು ಚುಕ್ಕೆ ನೋಡಿ ಅಂದರು. ಉಸಿರು ಬಿಡುವಾಗ ಭುಜ ಸಡಿಲ ಬಿಡಿ ಅಂದರು. ರೆಪ್ಪೆ ಭಾರವಾಯಿತು. ನಿಮಗೆ ನೆಮ್ಮದಿ ಅನ್ನಿಸುವ ಜಾಗಕ್ಕೆ ಹೋಗಿ ಅಂದರು. ದೇವಸ್ಥಾನ ಅಂದುಕೊಳ್ಳಬೇಕಿತ್ತೇನೋ. ನನಗೆ ಬಂದದ್ದು ನಮ್ಮ ಹುಳುಮನೆ. ಕೊನೇ ಹಂತದ ಹುಳ ಸೊಪ್ಪು ತಿನ್ನುವ ಸದ್ದು ಗೊತ್ತಲ್ಲ, ಸೋನೆ ಮಳೆ ಥರ. ಅದು ಕೇಳುತ್ತಿತ್ತು, ಮೇಲೆ ಫ್ಯಾನಿನ ಕಿರ್ ಅನ್ನುವ ಸದ್ದೂ ಕೇಳುತ್ತಿತ್ತು. ನಿದ್ದೆ ಅಲ್ಲವೇ ಅಲ್ಲ. ಬೇಡ ಅನ್ನಿಸಿದರೆ ಎದ್ದು ಬಸ್‌ಸ್ಟ್ಯಾಂಡಿಗೆ ನಡೆದುಬಿಡಬಹುದಿತ್ತು. ಜ್ವರಕ್ಕೆ ಕೂತ ಹುಳ ನೋಡಿದ್ದೀಯಲ್ಲ. ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತೆ, ನೋಡಿದವರು ಮಲಗಿದೆ ಅಂತಾರೆ. ಒಳಗೆ ಅದು ಹಳೇ ಚರ್ಮ ಬಿಡುವ ಕೆಲಸದಲ್ಲಿರುತ್ತೆ.

ಮೂರನೇ ಸಲ ಆ ರಾತ್ರಿಗೆ ಹೋದೆವು. ಫೋನನ್ನು ದೂರ, ಜಗಲಿಯ ಆ ತುದಿಯಲ್ಲಿ ಇಡಿ, ಸದ್ದು ಸಣ್ಣ ಮಾಡಿ ಅಂದರು. ಮಾಡಿದೆ. ಆಮೇಲೆ, ಅವರು ಹೊರಡುವಾಗ ನಿಮಗೆ ಏನು ಹೇಳಬೇಕಿತ್ತು ಅಂತ ಕೇಳಿದರು. ಹೆಲ್ಮೆಟ್ ಹಾಕ್ಕೊಳ್ಳಿ ಅಂತ ಕೂಗಬೇಕಿತ್ತು, ಪುಟ್ಟಿ. ಬಸ್ಸಾರು ಒಗ್ಗರಣೆಗೆ ಇಟ್ಟಿದ್ದೆ, ಸೀದುಹೋಗುತ್ತೆ ಅಂತ ಒಳಗೇ ಇದ್ದೆ. ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. ಅರ್ಧ ಗಂಟೆ ಅತ್ತೆ. ಡಾಕ್ಟರು ಏನೂ ಅನ್ನಲಿಲ್ಲ, ನೀರಿನ ಲೋಟ ಮುಂದಕ್ಕೆ ತಳ್ಳಿದರು ಅಷ್ಟೇ.

ನನಗೆ ಈಗಲೂ 9.40 ನೆನಪಿದೆ. ಒಗ್ಗರಣೆಯ ವಾಸನೆಯೂ ನೆನಪಿದೆ. ಆದರೆ ರಾತ್ರಿ ಫೋನು ಬಂದರೆ ಈಗ ಎತ್ತುತ್ತೇನೆ. ನಿನ್ನ ಆ ಒಂದು ಗಂಟೆಯ ಮೆಸೇಜಿಗೆ ತಕ್ಷಣ ಉತ್ತರ ಬಂತಲ್ಲ, ಮೊದಲಾಗಿದ್ದರೆ ಬರುತ್ತಿರಲಿಲ್ಲ.

ಕಡ್ಡಿಪುಡಿ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಕೈ ಪೊಟ್ಟಣಕ್ಕೆ ಹೋದಾಗ ಮೂರು ಸಲ ಉಸಿರು ಎಳೆದುಕೊಳ್ಳಿ, ಹಿಪ್ಪುನೇರಳೆ ಸೊಪ್ಪಿನ ವಾಸನೆ ನೆನೆಸಿಕೊಳ್ಳಿ ಅಂತ ಹೇಳಿಕೊಟ್ಟಿದ್ದರು. ಮನೆಯಲ್ಲಿ ನಾನೇ ಕಣ್ಣು ಮುಚ್ಚಿ ದಿನಾ ಹತ್ತು ನಿಮಿಷ ಅಭ್ಯಾಸ. ಆದರೂ ಎರಡು ಸಲ ಜಾರಿದೆ. ಡಾಕ್ಟರು ನೇರವಾಗಿ ಹೇಳಿದರು, ತಂಬಾಕು ಬಿಡಿಸುವುದರಲ್ಲಿ ಹಿಪ್ನಾಟಿಸಂ ಬೇರೆ ದಾರಿಗಳಿಗಿಂತ ಮೇಲು ಅನ್ನೋಕೆ ಗಟ್ಟಿ ಪುರಾವೆ ಇಲ್ಲ ಅಂತ. ನಿಕೋಟಿನ್ ಗಮ್ ಕೊಟ್ಟರು. ಎರಡೂ ಸೇರಿ ಬಿಡಿಸಿದವು.

ಟೀಚರ್ ಬುದ್ಧಿ, ಹಿಪ್ನಾಟಿಸಂ ಎಲ್ಲಿಂದ ಬಂತು ಅಂತ ಓದದೆ ಇರಲಾಗಲಿಲ್ಲ. 1784ರಲ್ಲಿ ಪ್ಯಾರಿಸಿನಲ್ಲಿ ಅಯಸ್ಕಾಂತ ಶಕ್ತಿಯಿಂದ ಕಾಯಿಲೆ ವಾಸಿ ಮಾಡುತ್ತೇನೆ ಅನ್ನುತ್ತಿದ್ದ ಮೆಸ್ಮರ್ ಅನ್ನುವವನ ವಿದ್ಯೆ ಪರೀಕ್ಷಿಸಲು ರಾಜ ಒಂದು ಸಮಿತಿ ಮಾಡಿದ್ದನಂತೆ. ಬೆಂಜಮಿನ್ ಫ್ರಾಂಕ್ಲಿನ್ ಅದರಲ್ಲಿದ್ದರು. ಮೆಸ್ಮರ್ ಹೇಳುವ ಅಯಸ್ಕಾಂತ ಶಕ್ತಿ ಏನೂ ಇಲ್ಲ, ಎಲ್ಲಾ ಕಲ್ಪನೆಯ ಕೆಲಸ ಅಂದರು. ಆಮೇಲೆ ನಮ್ಮ ಗೋವಾದಲ್ಲಿ ಹುಟ್ಟಿದ ಪಾದ್ರಿ ಫಾರಿಯಾ ಅದೇ ಪ್ಯಾರಿಸಿಗೆ ಹೋಗಿ, ಶಕ್ತಿ ಮಾಡಿಸುವವನಲ್ಲಿ ಇಲ್ಲ, ಮಾಡಿಸಿಕೊಳ್ಳುವವರ ಮನಸ್ಸಲ್ಲೇ ಇದೆ ಅಂದರು. ಪಣಜಿಯಲ್ಲಿ ಅವರ ಪ್ರತಿಮೆ ಇದೆ. ಇನ್ನೊಬ್ಬರು ಎಸ್ಡೇಲ್ ಅಂತ ಸ್ಕಾಟ್ಲೆಂಡಿನ ಡಾಕ್ಟರು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ, ಕ್ಲೋರೋಫಾರ್ಮ್ ಬರುವ ಮೊದಲು, ಈ ಥರದ ಮಂಪರಿನಲ್ಲೇ ಆಪರೇಷನ್ ಮಾಡುತ್ತಿದ್ದರು. ಹಿಪ್ನಾಟಿಸಂ ಅನ್ನುವ ಹೆಸರು ಬೇರೂರಿದ್ದು 1840ರ ದಶಕದಲ್ಲಿ ಜೇಮ್ಸ್ ಬ್ರೇಡ್ ಅನ್ನುವ ಇನ್ನೊಬ್ಬ ಸ್ಕಾಟ್ಲೆಂಡಿನ ಡಾಕ್ಟರಿಂದ, ನಿದ್ದೆಗೆ ಗ್ರೀಕರು ಹೇಳುವ ಹಿಪ್ನೋಸ್‌ನಿಂದ. ನಿದ್ದೆಯೇ ಅಲ್ಲದ್ದಕ್ಕೆ ನಿದ್ದೆಯ ಹೆಸರು. ಆಮೇಲೆ ಅವರಿಗೇ ಅದು ಸರಿಯಿಲ್ಲ ಅನ್ನಿಸಿತಂತೆ, ಆದರೆ ಹೆಸರು ಆಗಲೇ ಅಂಟಿಕೊಂಡಿತ್ತು.

ಇನ್ನು ನಿನ್ನ ಕೂದಲು. ಇದು ನಿನ್ನೊಬ್ಬಳ ವಿಚಿತ್ರ ಅಂದುಕೊಳ್ಳಬೇಡ. 1889ರಲ್ಲೇ ಒಬ್ಬ ಫ್ರೆಂಚ್ ಚರ್ಮವೈದ್ಯರು ಇದಕ್ಕೆ ಟ್ರೈಕೋಟಿಲೊಮೇನಿಯಾ ಅಂತ ಹೆಸರಿಟ್ಟಿದ್ದಾರೆ. ಇದಕ್ಕೆ ಮೊದಲು ಮಾಡುವುದು ಚಟ ತಿರುಗಿಸುವ ಅಭ್ಯಾಸ. ಕೈ ಯಾವಾಗ ಹೋಗುತ್ತೆ, ಎಲ್ಲಿ ಕೂತಾಗ, ಏನು ನೋಡುವಾಗ ಅಂತ ಬರೆದಿಡುವುದು. ಹೋದ ತಕ್ಷಣ ಮುಷ್ಟಿ ಬಿಗಿ ಹಿಡಿದು ಒಂದೆರಡು ನಿಮಿಷ ಇರುವುದು, ಇಲ್ಲ ಕೈಗೆ ಬೇರೆ ಕೆಲಸ ಕೊಡುವುದು. ಹಿಪ್ನಾಟಿಸಂ ಅದರ ಜೊತೆಗೆ ಸೇರಿಸಬಹುದು. ಅದೊಂದರಿಂದಲೇ ಆಗಿಬಿಡುತ್ತೆ ಅಂದರೆ ನಾನು ನಂಬಲ್ಲ.

ಆ ಜಾಹೀರಾತಿನವರ ಹತ್ತಿರ ಹೋಗಬೇಡ. ದುಡ್ಡಿಗಿಂತ ಜಾಸ್ತಿ ನನಗೆ ಆ ‘ಅಳಿಸುತ್ತೇವೆ’ ಅನ್ನುವ ಮಾತೇ ಹೆದರಿಕೆ. ಹಲಗೆ ಒರೆಸಿದ ಹಾಗೆ ನೆನಪು ಒರೆಸೋಕೆ ಆಗಲ್ಲ. ಆದರೆ ಆ ಸ್ಥಿತಿಯಲ್ಲಿ ಇಲ್ಲದ ನೆನಪನ್ನು ತುಂಬಿಬಿಡಬಹುದು, ನಿಜ ಅಂತಲೇ ಅನ್ನಿಸುತ್ತೆ. ಆ ಲಾಡ್ಜಿನವನು ನನಗೆ ಮಾಡಲು ಹೊರಟಿದ್ದೂ ಅದೇ ಅಲ್ವಾ? ಆ ಹುಡುಗನನ್ನು ಮರೆತೇಬಿಡಬೇಕು ಅಂತ ಯಾಕೆ ಹಟ? ಎರಡು ವರ್ಷ ನೀನು ನಕ್ಕಿದ್ದೂ ಅದರಲ್ಲೇ ಇದೆ. ಅವನ ಮೇಲೆ ನನಗೂ ಕೋಪ ಇದೆ, ಅದು ಬೇರೆ ವಿಷಯ.

ನಿಮ್ಹಾನ್ಸ್ ನಿನ್ನ ರೂಮಿನಿಂದ ಒಂದೇ ಬಸ್ಸು. ಅಲ್ಲಿ ತೋರಿಸು. ಎದುರು ಕೂತು ಹೇಳೋಕೆ ನಾಚಿಕೆ ಆದರೆ ಮೊದಲು 14416ಕ್ಕೆ ಫೋನ್ ಮಾಡು. ಅದು ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ದಿನ ನಾನೂ ಜೊತೆಗೆ ಬರಬೇಕಾ ಹೇಳು. ಹುಳ ಚಿಕ್ಕಮ್ಮನಿಗೆ ಒಪ್ಪಿಸಿ ಬರುತ್ತೇನೆ. ಈ ಸಲ ಹಲ್ಲು ಅಂತ ಹೇಳಲ್ಲ.

ಮುಂದಿನ ಭಾನುವಾರದ ಹೊತ್ತಿಗೆ ಹುಳ ಹಣ್ಣಾಗುತ್ತೆ. ಒಂದೊಂದೇ ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡಬೇಕು, ನನ್ನ ಎರಡು ಕೈ ಸಾಲಲ್ಲ. ಶನಿವಾರ ರಾತ್ರಿಯ ಬಸ್ಸಿಗೇ ಬಂದುಬಿಡು. ಬರುವಾಗ ಎಣ್ಣೆ ಹಚ್ಚದೆ ಬಾ, ನಾನೇ ಹಚ್ಚುತ್ತೇನೆ.

ನಿನ್ನ
ಅಮ್ಮ