ಗಂಗಾವತಿಯ ಆ ಲೆಕ್ಕದ ಸರ್‌ಗೆ

ಹೆಸರು ಹಾಕಬೇಡಿ ಅಂದಿದ್ದೀರಿ ಸರ್, ಹಾಕುವುದಿಲ್ಲ. ಆದರೆ ಥ್ಯಾಂಕ್ಸ್ ಹೇಳದೆ ಇರಲು ಆಗುತ್ತಿಲ್ಲ.

ಮಗಳು ಒಂಬತ್ತನೇ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾಗಿದ್ದಳು. ನೀವು ಬಿಎಸ್ಸಿ ಮುಗಿಸಿ, ಹತ್ತು ವರ್ಷ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆದು, ಆಮೇಲೆ ಟ್ಯೂಷನ್ ಶುರು ಮಾಡಿದವರು ಅಂತ ಕೇಳಿದಾಗ, ಬಿಎಡ್ ಇಲ್ಲವಲ್ಲ ಅಂತ ನಾನು ಹಿಂಜರಿದಿದ್ದು ನಿಜ.

ಮೊದಲ ದಿನ ನೀವು ಪುಸ್ತಕವನ್ನೇ ತೆಗೆಸಲಿಲ್ಲ. ನಿಮ್ಮ ಗದ್ದೆ ಎಷ್ಟಿದೆ ಅಂತ ಕೇಳಿದಿರಿ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, 33ರ ವರ್ಗ 1,089 ಚದರ ಅಡಿ, ಅಂಥ 40 ಗುಂಟೆ ಸೇರಿದರೆ ಒಂದು ಎಕರೆ, ಅಂದರೆ 43,560 ಚದರ ಅಡಿ ಅಂತ ಅವಳ ಕೈಯಲ್ಲೇ ಲೆಕ್ಕ ಹಾಕಿಸಿದಿರಿ. ವರ್ಗಮೂಲ ಅಂದರೆ ಹೆದರುತ್ತಿದ್ದವಳು ಅವತ್ತು ಮನೆಗೆ ಬಂದು ಅವರಪ್ಪನಿಗೇ ಪಾಠ ಮಾಡಿದಳು! ಶೇಕಡಾ ಲೆಕ್ಕಕ್ಕೆ 75 ಕೆಜಿ ಭತ್ತದ ಚೀಲ. ಅದರಲ್ಲಿ ಅಕ್ಕಿ ಎಷ್ಟು, ತೌಡು ಎಷ್ಟು, ಹೊಟ್ಟು ಎಷ್ಟು ಅಂತ.

ಉತ್ತರ ತಪ್ಪಾದರೆ ನೀವು ಯಾವತ್ತೂ ಕೆಂಪು ಪೆನ್ನಿನಲ್ಲಿ ಗೀಟು ಹಾಕಲಿಲ್ಲ. 'ಇದು ಹೆಂಗ ಬಂತವ್ವಾ, ಹೇಳು' ಅಂತ ಕೇಳಿ ಸುಮ್ನೆ ಕಾಯುತ್ತಿದ್ದಿರಿ. ಎಷ್ಟೋ ಸಲ ಹೇಳುತ್ತಾ ಹೇಳುತ್ತಾ ಅವಳೇ ತಪ್ಪು ಹಿಡಿದಳು. ಆ ಕಾಯುವಿಕೆಗೇ ನನ್ನ ಥ್ಯಾಂಕ್ಸ್ ಜಾಸ್ತಿ.

ಎರಡನೇ ಬೆಳೆಗೆ ಕಾಲುವೆ ನೀರು ಸಿಗದ ವರ್ಷ ಅದು, ಫೀಸಿನ ಮಾತನ್ನೇ ನೀವು ಎತ್ತಲಿಲ್ಲ.

ಈಗ ಎಸ್ಸೆಸ್ಸೆಲ್ಸಿ ಗಣಿತದಲ್ಲಿ 71 ಬಂದಿದೆ. ಭಾನುವಾರ ಮಾರ್ಕ್ಸ್ ಕಾರ್ಡ್ ಹಿಡಿದು ಇಬ್ಬರೂ ಬರುತ್ತೇವೆ, ಮನೆಯಲ್ಲೇ ಇರಿ ಸರ್.