ಕುದುರೆಶಕ್ತಿಯೊಂದೇ ಅಳತೆಗೋಲಲ್ಲ

ಮಾನ್ಯ ಸಂಪಾದಕರೇ,

ಉಳುಮೆ, ಕಳೆ ಕೊಚ್ಚುವುದು, ಗೊಬ್ಬರ ಸಾಗಣೆ, ಔಷಧಿ ಸಿಂಪಡಣೆ ಎಲ್ಲಕ್ಕೂ ಒಂದೇ ಸಣ್ಣ ಟ್ರ್ಯಾಕ್ಟರ್ ಕೊಳ್ಳುವವರು ಎಂಜಿನ್ನಿನ ಕುದುರೆಶಕ್ತಿಯನ್ನಷ್ಟೇ ಕೇಳಿ ಮುಂಗಡ ಕೊಟ್ಟುಬಿಡುವುದನ್ನು ಕಂಡಾಗ ಕಳವಳವಾಗುತ್ತದೆ. ಮಣ್ಣು ಪುಡಿಮಾಡುವ ರೋಟವೇಟರ್ ತಿರುಗಿಸುವುದು ಪಿಟಿಒ ಶಾಫ್ಟಿಗೆ, ಅಂದರೆ ಎಂಜಿನ್ನಿನ ಬಲವನ್ನು ಉಪಕರಣಕ್ಕೆ ಒಯ್ಯುವ ತಿರುಗುದಂಡಕ್ಕೆ, ತಲುಪುವ ಶಕ್ತಿ. ಅದು ಎಂಜಿನ್ ಶಕ್ತಿಗಿಂತ ಕಡಿಮೆಯೇ ಇರುತ್ತದೆ. ಹೈಡ್ರಾಲಿಕ್‌ನ ಎತ್ತುವ ಸಾಮರ್ಥ್ಯವನ್ನು ಉಪಕರಣ ಹಿಡಿಯುವ ಹಿಂಬದಿಯ ಕೆಳತೋಳುಗಳ ತುದಿಯಲ್ಲಿ ಅಳೆದದ್ದೋ, ಅಲ್ಲಿಂದ 610 ಮಿ.ಮೀ. ಹಿಂದೆ ಅಳೆದದ್ದೋ ಎಂದೂ ವಿಚಾರಿಸಬೇಕು, ಏಕೆಂದರೆ ಉಪಕರಣದ ಭಾರ ಹಿಂದಕ್ಕೆ ಸರಿದಷ್ಟೂ ಎತ್ತುವ ಬಲ ಕುಗ್ಗುತ್ತದೆ. ತುಂಬಿದ ಸಿಂಪಡಣಾ ಟ್ಯಾಂಕನ್ನು ಎತ್ತಿದೊಡನೆ ಮುಂದಿನ ಚಕ್ರಗಳು ನೆಲ ಬಿಟ್ಟು, ಸ್ಟೀರಿಂಗ್ ಕೈಯಲ್ಲಿ ಹಗುರಾದುದನ್ನು ನಾನೇ ಅನುಭವಿಸಿದ್ದೇನೆ. ಮುಂಭಾಗಕ್ಕೆ ತೂಕ ಕೂರಿಸಿದ ಮೇಲಷ್ಟೇ ಗಾಡಿ ಮಾತು ಕೇಳಿತು. ಬೆಳೆಯ ಸಾಲುಗಳ ಅಂತರ ಅಳೆದುಕೊಂಡೇ ಟ್ರ್ಯಾಕ್ಟರಿನ ಅಗಲವನ್ನು ನಿರ್ಧರಿಸಲಿ. ಉರುಳಿದಾಗ ಕಾಯುವ ಚೌಕಟ್ಟು ಮತ್ತು ಸೀಟ್ ಬೆಲ್ಟ್ ಇಲ್ಲದ ಯಂತ್ರವನ್ನಂತೂ, ಅದು ಎಷ್ಟೇ ಅಗ್ಗಕ್ಕೆ ಸಿಕ್ಕರೂ, ಯಾರೂ ಮನೆಗೆ ತರಬಾರದು.

– ಒಬ್ಬ ಕೃಷಿಕ